ಓಆರ್‌ಎಸ್: ಬಾಯಿಯ ಮೂಲಕ ಮರುಜಲೀಕರಣ

ವಾಂತಿಭೇದಿಯಲ್ಲಿ ದೇಹ ಕಳೆದುಕೊಂಡ ನೀರನ್ನೂ ಲವಣಗಳನ್ನೂ ಬಾಯಿಯ ಮೂಲಕವೇ ಮರಳಿ ತುಂಬಲು ಬಳಸುವ ಪುಡಿ, ಮತ್ತು ಅದನ್ನು ನೀರಿನಲ್ಲಿ ಕರಗಿಸಿ ಮಾಡಿದ ದ್ರಾವಣ. ಗ್ಲೂಕೋಸ್, ಅಡುಗೆ ಉಪ್ಪು, ಪೊಟ್ಯಾಸಿಯಂ ಕ್ಲೋರೈಡ್, ಸೋಡಿಯಂ ಸಿಟ್ರೇಟ್ ಎಂಬ ನಾಲ್ಕು ವಸ್ತುಗಳಷ್ಟೇ ಅದರಲ್ಲಿರುತ್ತವೆ. ಆರೋಗ್ಯ ಪ್ರಚಾರದ ಫಲಕಗಳಲ್ಲಿ ‘ಜೀವಜಲ’ ಎಂಬ ಹೆಸರು ಕಾಣುತ್ತದಾದರೂ ಆಶಾ ಕಾರ್ಯಕರ್ತೆಯ ಚೀಲದಲ್ಲಿ, ಮೆಡಿಕಲ್ ಶಾಪಿನಲ್ಲಿ, ಮನೆಯ ಮಾತಿನಲ್ಲಿ ಅದು ಓಆರ್‌ಎಸ್ ಪೊಟ್ಟಣವೇ. ಇದು ಇಪ್ಪತ್ತನೆಯ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಲ್ಲದೆಂದು ಬ್ರಿಟನ್ನಿನ ವೈದ್ಯಪತ್ರಿಕೆ ಲ್ಯಾನ್ಸೆಟ್ 1978ರ ಸಂಪಾದಕೀಯವೊಂದರಲ್ಲಿ ಬರೆಯಿತು. 1980ರ ಸುಮಾರಿಗೆ ಜಗತ್ತಿನಲ್ಲಿ ವರ್ಷಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಎಳೆಯ ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ವರ್ಷಕ್ಕೆ ಸುಮಾರು 4.4 ಲಕ್ಷ. ಚೊಕ್ಕ ನೀರು, ಶೌಚಾಲಯ, ಲಸಿಕೆ, ಪೌಷ್ಟಿಕ ಆಹಾರ ಎಲ್ಲವೂ ಈ ಇಳಿಕೆಯಲ್ಲಿ ಪಾಲುದಾರರು. ಆದರೆ ಕಾಯಿಲೆ ಬಂದ ಮೇಲೆ ಜೀವ ಉಳಿಸುವ ವಿಷಯದಲ್ಲಿ ಈ ಪುಡಿಗೆ ಸಮನಾದದ್ದು ಇನ್ನೊಂದಿಲ್ಲ.

ಇದರ ವಿಜ್ಞಾನ ಐವತ್ತು ವರ್ಷಗಳ ಹಿಂದೆಯೇ ಇತ್ಯರ್ಥವಾಗಿದೆ. ಇನ್ನೂ ಇತ್ಯರ್ಥವಾಗದಿರುವುದು ಅದರ ಮರ್ಯಾದೆಯ ಪ್ರಶ್ನೆ. ಕೈಗೆ ಸೂಜಿ ಚುಚ್ಚಿ, ಕಂಬಕ್ಕೆ ತೂಗುಹಾಕಿದ ಬಾಟಲಿಗೆ ಇರುವ ಮಾನ ಲೋಟದಲ್ಲಿ ಕಲಸಿದ ಪುಡಿಗೆ ಸಿಕ್ಕಿಲ್ಲ.

ಕರುಳಿನಲ್ಲಿ ನಡೆಯುವುದೇನು

ಆರೋಗ್ಯವಂತ ವಯಸ್ಕನ ಸಣ್ಣಕರುಳಿಗೆ ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ಬಂದು ಬೀಳುತ್ತದೆ. ಅದರಲ್ಲಿ ಕುಡಿದದ್ದು, ತಿಂದದ್ದು ಎರಡು ಲೀಟರಿನಷ್ಟಿದ್ದರೆ ಉಳಿದದ್ದೆಲ್ಲ ಜೊಲ್ಲು, ಜಠರರಸ, ಪಿತ್ತರಸ, ಕರುಳಿನದೇ ಸ್ರಾವ. ಇಷ್ಟೂ ದ್ರವವನ್ನು ಕರುಳು ಮತ್ತೆ ಹೀರಿಕೊಂಡು, ಮಲದ ಜೊತೆ ಹೊರಗೆ ಬಿಡುವುದು ನೂರಿನ್ನೂರು ಮಿಲಿಲೀಟರ್ ಮಾತ್ರ. ಈ ಲೆಕ್ಕ ತಪ್ಪಿದಾಗ ಭೇದಿ. ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ ವೈದ್ಯರು ಅದನ್ನು ಭೇದಿ ಎನ್ನುತ್ತಾರೆ. ಎದೆಹಾಲಷ್ಟೇ ಕುಡಿಯುವ ಕೂಸು ದಿನಕ್ಕೆ ಹಲವು ಸಲ ತೆಳ್ಳಗೆ ಹೋಗುವುದು ಸಹಜ, ಅದು ಈ ಲೆಕ್ಕಕ್ಕೆ ಬಾರದು.

ಕಾಲರಾ ಭೇದಿಯ ಪರಮಾವಧಿ. ಕಾಲರಾ ಬ್ಯಾಕ್ಟೀರಿಯಾದ ವಿಷ ಕರುಳಿನ ಕೋಶಗಳಿಗೆ ಹತ್ತಿದರೆ ಅವು ಕ್ಲೋರೈಡನ್ನು ಬಿಡುವಿಲ್ಲದೆ ಹೊರಕ್ಕೆ ದೂಡುತ್ತವೆ. ಅದರ ಬೆನ್ನಿಗೆ ಸೋಡಿಯಂ, ಅವೆರಡರ ಬೆನ್ನಿಗೆ ನೀರು. ತೀವ್ರ ಕಾಲರಾದಲ್ಲಿ ದೊಡ್ಡವರೂ ಗಂಟೆಗೆ ಒಂದು ಲೀಟರಿನವರೆಗೆ ನೀರು ಕಳೆದುಕೊಳ್ಳಬಲ್ಲರು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಸಂಜೆಗೆ ಇಲ್ಲವಾಗುವುದು ಹೀಗೆ. ರೋಟಾವೈರಸ್, ಇ. ಕೋಲೈ ಮುಂತಾದವು ತರುವ ಭೇದಿ ಇಷ್ಟು ಉಗ್ರವಲ್ಲ, ಆದರೆ ಹತ್ತು ಕಿಲೋ ತೂಗದ ಮಗುವಿಗೆ ಅರ್ಧ ಲೀಟರ್ ನೀರು ಹೋದರೂ ದೊಡ್ಡ ನಷ್ಟವೇ.

ಬರಿಯ ನೀರು ಕುಡಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು. ಹೋದದ್ದರಲ್ಲಿ ಲವಣವೂ ಇದೆ, ಬರಿ ನೀರಿನಿಂದ ಅದು ತುಂಬದು. ಉಪ್ಪುನೀರು ಕೊಟ್ಟರೂ ಕೆಟ್ಟ ಕರುಳು ಅದನ್ನು ಸರಿಯಾಗಿ ಹೀರದು. ಇಲ್ಲಿ ನೆರವಿಗೆ ಬರುವುದು ಸಕ್ಕರೆ. ಸಣ್ಣಕರುಳಿನ ಒಳಗೋಡೆಯ ಕೋಶಗಳಲ್ಲಿ ಎಸ್‌ಜಿಎಲ್‌ಟಿ-1 ಎಂಬ ಪ್ರೋಟೀನ್ ಇದೆ. ಸವಾರಿ ತುಂಬದೆ ಹೊರಡದ ಷೇರ್ ಆಟೋದ ಹಾಗೆ ಅದರ ಸ್ವಭಾವ: ಎರಡು ಸೋಡಿಯಂ, ಒಂದು ಗ್ಲೂಕೋಸ್ ಹತ್ತಿದ ಮೇಲೆಯೇ ಒಳಕ್ಕೆ ಹೊರಡುವುದು. ಈ ಜೋಡಿ ಒಳಹೊಕ್ಕರೆ ನೀರು ತಾನಾಗಿ ಹಿಂಬಾಲಿಸುತ್ತದೆ. ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಮಾವೇಶದಲ್ಲಿ ಈ ಜೋಡಿಸಾಗಾಟದ ಕಲ್ಪನೆಯನ್ನು ಮುಂದಿಟ್ಟ. ಕಾಲರಾದ ವಿಷ ಎಷ್ಟೇ ಹಾನಿ ಮಾಡಿದರೂ ಈ ಒಂದು ದಾರಿಯನ್ನು ಮುಚ್ಚಲಾರದು. ಓಆರ್‌ಎಸ್‌ನ ಗುಟ್ಟೆಲ್ಲ ಇಷ್ಟರಲ್ಲಿದೆ. ಆದ್ದರಿಂದ ಅದರಲ್ಲಿರುವ ಗ್ಲೂಕೋಸನ್ನು ‘ಶಕ್ತಿ ಬರಲಿ’ ಎಂದು ಹಾಕಿದ್ದಾರೆಂದು ತಿಳಿಯುವುದು ತಪ್ಪು. ಉಪ್ಪನ್ನು ಒಳಗೆ ಕರೆದೊಯ್ಯುವುದೇ ಅದರ ಕೆಲಸ.

ನಿರ್ಜಲೀಕರಣದ ಗುರುತುಗಳು

ಭೇದಿಯ ಮಗುವನ್ನು ನೋಡುವಾಗ ಎಷ್ಟು ಸಲ ಹೋಯಿತು ಎಂಬುದಕ್ಕಿಂತ ಮೈಯಲ್ಲಿ ಎಷ್ಟು ನೀರು ಉಳಿದಿದೆ ಎಂಬುದು ಮುಖ್ಯ. ಇದಕ್ಕೆ ಯಂತ್ರ ಬೇಡ, ಕಣ್ಣೂ ಕೈಯೂ ಸಾಕು. ಮಗು ಲವಲವಿಕೆಯಿಂದಿದೆಯೇ, ಕಿರಿಕಿರಿ ಮಾಡುತ್ತಿದೆಯೇ, ಮಂಕಾಗಿ ಬಿದ್ದಿದೆಯೇ? ಕಣ್ಣು ಗುಳಿ ಬಿದ್ದಿವೆಯೇ? ನೀರು ಕೊಟ್ಟರೆ ಆತುರದಿಂದ ಕುಡಿಯುತ್ತದೆಯೇ, ಕುಡಿಯಲೂ ಆಗುತ್ತಿಲ್ಲವೇ? ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರೆ ತಟ್ಟನೆ ಸಮನಾಗಬೇಕು. ನಿಧಾನವಾಗಿ ಇಳಿದರೆ ನಿರ್ಜಲೀಕರಣ ಶುರುವಾಗಿದೆ. ಎರಡು ಸೆಕೆಂಡಿಗೂ ಹೆಚ್ಚು ಹೊತ್ತು ಮಡಿಕೆಯಾಗಿಯೇ ನಿಂತರೆ ಅದು ತೀವ್ರ. ಎಳೆಗೂಸಿನಲ್ಲಿ ನೆತ್ತಿ ಕುಳಿ ಬೀಳುವುದನ್ನೂ ಅಜ್ಜಿಯರು ಗುರುತಿಸುತ್ತಾರೆ. ಅವರ ಕಣ್ಣು ಸರಿಯೇ. ನೆತ್ತಿಗೆ ಎಣ್ಣೆ ಒತ್ತಿದರೆ ಮಾತ್ರ ಅದು ಏಳದು, ಹೊಟ್ಟೆಗೆ ನೀರು ಬೀಳಬೇಕು.

ಮಂಕು, ಕುಡಿಯಲಾಗದಿರುವುದು, ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಫಿಟ್ಸ್, ಆರೆಂಟು ಗಂಟೆಯಿಂದ ಮೂತ್ರ ಇಲ್ಲದಿರುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸುತ್ತಿರಬೇಕು. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು.

ಪುಡಿಯ ಪ್ರಮಾಣ

2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನಿಗದಿ ಮಾಡಿದ, ಈಗ ಬಳಕೆಯಲ್ಲಿರುವ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್. ಒಟ್ಟು 20.5 ಗ್ರಾಂ. ಇದರಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ತಲಾ 75 ಮಿಲಿಮೋಲ್, ಸಮಸಮ. ದ್ರಾವಣದ ಆಸ್ಮೋಲಾರಿಟಿ, ಅಂದರೆ ಕರಗಿದ ಕಣಗಳ ಸಾಂದ್ರತೆ, 245. ರಕ್ತದ್ದು 290ರ ಆಸುಪಾಸು ಇರುವುದರಿಂದ ತೆಳುವಾದ ಈ ದ್ರಾವಣದಿಂದ ನೀರು ಮೈಯ ಕಡೆಗೆ ಹರಿಯುತ್ತದೆ.

1975ರ ಹಳೆಯ ಸೂತ್ರ ಇದಕ್ಕಿಂತ ಗಟ್ಟಿಯಾಗಿತ್ತು: ಗ್ಲೂಕೋಸ್ 20 ಗ್ರಾಂ, ಉಪ್ಪು 3.5 ಗ್ರಾಂ, ಆಸ್ಮೋಲಾರಿಟಿ 311. ಅದು ಜೀವವನ್ನೇನೋ ಉಳಿಸುತ್ತಿತ್ತು, ಆದರೆ ಭೇದಿಯ ಪ್ರಮಾಣವನ್ನು ತಗ್ಗಿಸುತ್ತಿರಲಿಲ್ಲ. ‘ಕುಡಿಸಿದರೂ ಹೋಗುವುದು ನಿಲ್ಲಲಿಲ್ಲ’ ಎಂದು ತಾಯಂದಿರು ಕೈಬಿಡುತ್ತಿದ್ದರು. ತೆಳು ಸೂತ್ರ ಬಂದ ಮೇಲೆ ಭೇದಿಯ ಪ್ರಮಾಣ ಸುಮಾರು ಶೇ. 20ರಷ್ಟು, ವಾಂತಿ ಶೇ. 30ರಷ್ಟು, ಡ್ರಿಪ್ ಹಾಕಬೇಕಾಗಿ ಬರುವ ಸಂದರ್ಭ ಮೂರರಲ್ಲೊಂದು ಪಾಲು ಇಳಿದವು. ಹಳೆಯ ಪುಡಿಯಲ್ಲಿದ್ದ ಅಡುಗೆ ಸೋಡಾ ತೇವಕ್ಕೆ ಗಟ್ಟಿಕಟ್ಟುತ್ತಿದ್ದುದರಿಂದ ಅದರ ಜಾಗಕ್ಕೆ ಸಿಟ್ರೇಟ್ ಬಂತು. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಏನಾಗುತ್ತದೆಂದು ಕಂಡವರಿಗೆ ಈ ಬದಲಾವಣೆಯ ಬೆಲೆ ಗೊತ್ತು.

ಕಲಸುವುದು, ಕುಡಿಸುವುದು

ದೊಡ್ಡ ಪೊಟ್ಟಣ ಒಂದು ಲೀಟರಿಗೆ, ನಾಲ್ಕು ಗ್ರಾಮಿನ ಆಸುಪಾಸಿನ ಸಣ್ಣ ಪೊಟ್ಟಣ 200 ಮಿಲಿಲೀಟರಿಗೆ. ಎಲ್ಲ ತಪ್ಪುಗಳೂ ಹುಟ್ಟುವುದು ಇಲ್ಲೇ. ಲೀಟರಿನ ಪೊಟ್ಟಣದಿಂದ ಒಂದೊಂದು ಚಮಚ ತೆಗೆದು ಲೋಟಕ್ಕೆ ಹಾಕಿದರೆ ಪ್ರಮಾಣ ಕೈತಪ್ಪುತ್ತದೆ. ನೀರು ಕಡಿಮೆಯಾದರೆ ದ್ರಾವಣ ಗಟ್ಟಿಯಾಗಿ ಮೈಯಿಂದಲೇ ಕರುಳಿಗೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ, ರಕ್ತದ ಸೋಡಿಯಂ ಏರಿ ಅಪಾಯವೂ ಆಗಬಹುದು. ಹೆಚ್ಚಾದರೆ ಉಪಯೋಗಕ್ಕೆ ಬಾರದು. ಕುದಿಸಿ ಆರಿಸಿದ ನೀರನ್ನು ಒಂದು ಲೀಟರಿನ ಖಾಲಿ ಬಾಟಲಿಯಲ್ಲಿ ಅಳೆದು, ಚೊಕ್ಕ ಪಾತ್ರೆಗೆ ಸುರಿದು, ಪೊಟ್ಟಣವನ್ನು ಪೂರ್ತಿ ಕೊಡವಿ ಕದಡುವುದು ಸರಿಯಾದ ರೀತಿ. ಕದಡಿದ ಮೇಲೆ ಕುದಿಸಬಾರದು. ಹಾಲು, ಹಣ್ಣಿನ ರಸ, ಸೋಡಾ ಬೆರೆಸಬಾರದು. ರುಚಿಗೆಂದು ಇನ್ನೊಂದು ಚಮಚ ಸಕ್ಕರೆಯನ್ನೂ ಹಾಕಬಾರದು. ಮುಚ್ಚಿಟ್ಟು 24 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು.

ನಿರ್ಜಲೀಕರಣ ಇಲ್ಲದಿದ್ದರೆ ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200, ದೊಡ್ಡವರಿಗೆ ಬೇಕೆನಿಸಿದಷ್ಟು. ನಿರ್ಜಲೀಕರಣದ ಗುರುತು ಕಂಡಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೂರಿಸಿಕೊಂಡು ನಾಲ್ಕು ಗಂಟೆಯಲ್ಲಿ ತೂಕದ ಪ್ರತಿ ಕಿಲೋಗೆ 75 ಮಿಲಿಲೀಟರ್ ಕುಡಿಸುತ್ತಾರೆ. ಎಂಟು ಕಿಲೋದ ಮಗುವಿಗೆ ಇದು 600 ಮಿಲಿಲೀಟರ್, ಗಂಟೆಗೆ 150. ಐದು ಮಿಲಿಲೀಟರಿನ ಚಹದ ಚಮಚದಲ್ಲಿ ಎರಡು ನಿಮಿಷಕ್ಕೊಂದರಂತೆ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ನಾಲ್ಕು ಗಂಟೆಯಲ್ಲಿ ನೂರಿಪ್ಪತ್ತು ಚಮಚ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ, ಈ ಸಲ ಇನ್ನೂ ನಿಧಾನವಾಗಿ. ವಾಂತಿಯಾಯಿತೆಂದು ಕುಡಿದದ್ದೆಲ್ಲ ಹೋಯಿತು ಎಂದೇನಲ್ಲ, ಬಹುಪಾಲು ಒಳಗೆ ಉಳಿದಿರುತ್ತದೆ. ಈ ಚಿಕಿತ್ಸೆಯ ನಿಜವಾದ ಖರ್ಚು ಪೊಟ್ಟಣದ ಬೆಲೆಯಲ್ಲಿಲ್ಲ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಚಮಚ ಹಿಡಿದು ಕೂರುವ ಆ ನಾಲ್ಕು ಗಂಟೆಯಲ್ಲಿದೆ. ಕೂಲಿಗೆ ಹೋಗಬೇಕಾದ ತಾಯಿಗೆ ಅದೇ ದುಬಾರಿ. ಸಲಹೆ ಕೊಡುವವರು ಈ ಮಾತನ್ನು ಮರೆಯುವುದೇ ಹೆಚ್ಚು.

ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು ಗ್ಲೂಕೋಸ್ ಎಂಬ ಹೆಸರಿಗೇ ಹೆದರಿ ಭೇದಿಯಲ್ಲೂ ಓಆರ್‌ಎಸ್ ಬಿಡುವುದುಂಟು. ಲೀಟರಿಗೆ 13.5 ಗ್ರಾಂ ಎಂಬುದನ್ನೂ, ನೀರಾರಿದ ಮೈಯಲ್ಲಿ ಮೂತ್ರಪಿಂಡಕ್ಕೆ ಆಗುವ ಪೆಟ್ಟನ್ನೂ ತೂಗಿ ನೋಡಿದರೆ ಆ ಹೆದರಿಕೆಗೆ ಅರ್ಥವಿಲ್ಲ. ರಕ್ತದ ಸಕ್ಕರೆಯನ್ನು ಆಗಾಗ ಪರೀಕ್ಷಿಸಿಕೊಂಡರೆ ಸಾಕು. ಇನ್ನು ಭೇದಿಯೂ ಇಲ್ಲದೆ, ಬಿಸಿಲಲ್ಲಿ ಬೆವರು ಹರಿಸಿದ ದುಡಿತವೂ ಇಲ್ಲದೆ ದಿನಾಲೂ ಶರಬತ್ತಿನಂತೆ ಕುಡಿಯುವವರಿಗೆ ಅದರಿಂದ ಸಿಗುವುದು ಬೇಡದ ಉಪ್ಪು ಮಾತ್ರ.

ಊಟ, ಜಿಂಕ್, ಬೇಡದ ಮಾತ್ರೆಗಳು

ಭೇದಿಯಾದಾಗ ‘ಹೊಟ್ಟೆಗೆ ರೆಸ್ಟ್ ಕೊಡಿ’ ಎಂದು ಊಟ ನಿಲ್ಲಿಸುವ ಪದ್ಧತಿ ಮನೆಗಳಲ್ಲೂ ಇದೆ, ಕೆಲವು ಕ್ಲಿನಿಕ್ಕುಗಳಲ್ಲೂ ಇದೆ. ಮಗುವಿನ ಮಟ್ಟಿಗೆ ಇದು ಕೇಡು. ಎದೆಹಾಲನ್ನು ಒಂದು ಹೊತ್ತೂ ನಿಲ್ಲಿಸಬಾರದು. ಅನ್ನ ತಿನ್ನುವ ಮಗುವಿಗೆ ಮೆತ್ತಗೆ ಬೇಯಿಸಿದ ಅನ್ನ ಬೇಳೆ, ಇಡ್ಲಿ, ಮೊಸರನ್ನ, ಬಾಳೆಹಣ್ಣು ಸ್ವಲ್ಪಸ್ವಲ್ಪವಾಗಿ ಕೊಡುತ್ತಿರಬೇಕು. ಹಲ್ಲು ಬರುವಾಗ ಭೇದಿ ಸಹಜವೆಂದು ಸುಮ್ಮನಿರುವುದೂ ಸಲ್ಲದು: ಹಲ್ಲು ಬರುವ ವಯಸ್ಸೂ, ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸೂ ಒಂದೇ ಆಗಿರುವುದರಿಂದ ಹುಟ್ಟಿದ ನಂಬಿಕೆ ಅದು.

ಓಆರ್‌ಎಸ್ ಜೊತೆಗೆ ಜಿಂಕ್ ಮಾತ್ರೆ ಕೊಡಬೇಕೆಂದು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಕೂಡ ಹೇಳಿದವು. ಆರು ತಿಂಗಳು ತುಂಬಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 14 ದಿನ. ಭೇದಿ ನಿಂತರೂ ಮಾತ್ರೆ ಮುಗಿಸಬೇಕು, ಮುಂದಿನ ಕೆಲವು ತಿಂಗಳಲ್ಲಿ ಭೇದಿ ಮರುಕಳಿಸುವುದನ್ನು ಅದು ಕಡಿಮೆ ಮಾಡುತ್ತದೆ. ಆ್ಯಂಟಿಬಯಾಟಿಕ್ ಬೇಕಾಗುವುದು ರಕ್ತಭೇದಿಯಲ್ಲಿ, ಕಾಲರಾದಲ್ಲಿ, ಇನ್ನು ಕೆಲವೇ ಸಂದರ್ಭಗಳಲ್ಲಿ. ಮಕ್ಕಳ ಭೇದಿಗೆ ಹೆಚ್ಚಾಗಿ ಕಾರಣ ವೈರಸ್; ಅದರ ಮೇಲೆ ಆ್ಯಂಟಿಬಯಾಟಿಕ್ ನಡೆಯದು. ಲೋಪೆರಮೈಡ್‌ನಂಥ ‘ಕಟ್ಟುವ’ ಮಾತ್ರೆಗಳನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಅವು ಕರುಳಿನ ಚಲನೆಯನ್ನು ತಡೆಯುತ್ತವೆ, ಹೋದ ನೀರನ್ನು ತಂದುಕೊಡುವುದಿಲ್ಲ.

ಮನೆಯ ಪಾನೀಯಗಳು

ಪೊಟ್ಟಣ ಕೈಗೆ ಸಿಗುವವರೆಗೆ ಕಾಯುತ್ತ ಕೂರಬೇಕಿಲ್ಲ. ಉಪ್ಪು ಹಾಕಿದ ಅಕ್ಕಿ ಗಂಜಿ, ಮಜ್ಜಿಗೆ, ಬೇಳೆಕಟ್ಟು, ರಾಗಿ ಅಂಬಲಿ ಎಲ್ಲವೂ ಒಳ್ಳೆಯವೇ. ಗಂಜಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗಿ ಒಡೆಯುವುದರಿಂದ ದ್ರಾವಣ ಗಟ್ಟಿಯಾಗದೆ ಸಕ್ಕರೆ ಸಿಗುತ್ತದೆ. ಅಕ್ಕಿಹಿಟ್ಟಿನಿಂದ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಭೇದಿಯ ಪ್ರಮಾಣವನ್ನು ತಗ್ಗಿಸುತ್ತದೆಂದು ಪರೀಕ್ಷೆಗಳು ತೋರಿಸಿವೆ. ದಕ್ಷಿಣ ಕನ್ನಡದ ಗಂಜಿ ಊಟಕ್ಕೂ ಉತ್ತರ ಕರ್ನಾಟಕದ ಮಜ್ಜಿಗೆಗೂ ಇಲ್ಲಿ ವಿಜ್ಞಾನದ ಬೆಂಬಲವಿದೆ, ಉಪ್ಪು ಹಾಕಲು ಮರೆಯದಿದ್ದರೆ. ಎಳನೀರಿನ ಖ್ಯಾತಿ ಸ್ವಲ್ಪ ಹೆಚ್ಚೇ ಆಯಿತು: ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ತೀರ ಕಡಿಮೆ. ಸಣ್ಣ ಭೇದಿಗೆ ನಡೆದೀತು, ಓಆರ್‌ಎಸ್‌ನ ಸ್ಥಾನ ತುಂಬದು. ತಂಪು ಪಾನೀಯ, ಡಬ್ಬಿಯ ಜ್ಯೂಸ್, ಬರಿ ಗ್ಲೂಕೋಸ್ ಪುಡಿ ಕದಡಿದ ನೀರು ಇವು ಬೇಡ. ಅತಿ ಸಕ್ಕರೆ ಕರುಳಿಗೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಮನೆಯಲ್ಲೇ ಕಲಸುವುದಾದರೆ ಒಂದು ಲೀಟರ್ ನೀರಿಗೆ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಕಟ್ಟದಂತೆ ಸಮಮಾಡಿ ಅಳೆಯಬೇಕು. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಉಪ್ಪು ಹೆಚ್ಚಾಗುವ ಭಯವೂ ಇದೆ. ಆದ್ದರಿಂದ ಪೊಟ್ಟಣ ಸಿಗುವ ಕಡೆ ಪೊಟ್ಟಣವೇ ಮೇಲು.

ಬಾಟಲಿ ಏರಿಸುವುದು

ಮೈಸೂರು ಕಡೆ ‘ಗ್ಲೂಕೋಸ್ ಹಾಕಿಸುವುದು’, ಧಾರವಾಡ ಕಡೆ ‘ಸಲಾಯಿನ್ ಹಚ್ಚುವುದು’. ಸುಸ್ತಾದರೂ, ಜ್ವರ ಬಂದರೂ, ಹೊಟ್ಟೆ ಕೆಟ್ಟರೂ ಒಂದು ಬಾಟಲಿ ಏರಿಸಿಕೊಂಡರೆ ಎದ್ದು ಕೂರಬಹುದೆಂಬ ನಂಬಿಕೆ ಊರೂರಲ್ಲಿದೆ. ಆ ಬಾಟಲಿಯಲ್ಲಿ ಏನಿದೆ ಎಂದು ನೋಡೋಣ. ಶೇ. 5ರ ಡೆಕ್ಸ್‌ಟ್ರೋಸ್‌ನ 500 ಮಿಲಿಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ಲವಣ ಇಲ್ಲವೇ ಇಲ್ಲ. ನಾರ್ಮಲ್ ಸಲೈನ್ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. ಭೇದಿಯಿಂದ ಬಳಲಿದವನಿಗೆ ಬರಿ ಡೆಕ್ಸ್‌ಟ್ರೋಸ್ ಏರಿಸುವುದು ಚಿಕಿತ್ಸೆಯೇ ಅಲ್ಲ.

ಹಾಗೆಂದು ಡ್ರಿಪ್ ಅನಗತ್ಯವೆಂದಲ್ಲ. ತೀವ್ರ ನಿರ್ಜಲೀಕರಣದಲ್ಲಿ, ನಾಡಿ ಕ್ಷೀಣಿಸಿ ಮಗು ಮಂಕಾದಾಗ ಅದಕ್ಕೆ ಬದಲಿಲ್ಲ. ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣವನ್ನು ಕಿಲೋಗೆ 100 ಮಿಲಿಲೀಟರಿನಂತೆ ಕೊಡುತ್ತಾರೆ, ಒಂದು ವರ್ಷದೊಳಗಿನ ಕೂಸಿಗೆ ಆರು ಗಂಟೆಯಲ್ಲಿ, ದೊಡ್ಡವರಿಗೆ ಮೂರು ಗಂಟೆಯಲ್ಲಿ. ಕುಡಿಯುವ ಶಕ್ತಿ ಬಂದ ಕೂಡಲೇ ಓಆರ್‌ಎಸ್ ಶುರುಮಾಡುತ್ತಾರೆ. ಉಳಿದ ಬಹುಪಾಲು ರೋಗಿಗಳಲ್ಲಿ ಸೂಜಿಯಿಂದ ಸಿಗುವ ಹೆಚ್ಚಿನ ಲಾಭ ಏನೂ ಇಲ್ಲ. ನಂಜು, ನೋವು, ಖರ್ಚು ಮಾತ್ರ ಹೆಚ್ಚು.

ಇತಿಹಾಸ

1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಾಟಾ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹಾಕಿ ಕೆಲವರನ್ನು ಸಾವಿನ ದವಡೆಯಿಂದ ತಂದ. ನಂಜಿನ ಅರಿವಿಲ್ಲದ ಕಾಲವಾದ್ದರಿಂದ ಅದು ಮುಂದುವರಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರಾಜರ್ಸ್ ಅದನ್ನು ಮತ್ತೆ ಕೈಗೆತ್ತಿಕೊಂಡು ಸಾವನ್ನು ಗಣನೀಯವಾಗಿ ತಗ್ಗಿಸಿದ. ಬಾಯಿಯ ದಾರಿಯನ್ನು ಮೊದಲು ಗಂಭೀರವಾಗಿ ನಂಬಿದವರು ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ. 1953ರಲ್ಲಿ ಅವರು ಲ್ಯಾನ್ಸೆಟ್‌ನಲ್ಲಿ 186 ರೋಗಿಗಳ ವಿವರ ಪ್ರಕಟಿಸಿದರು: ಒಂದು ಲೀಟರ್ ನೀರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್. ಇದರ ಜೊತೆ ಭೇದಿ ತಡೆಯಲು ಒಂದು ಎಲೆಯ ರಸವನ್ನೂ ಕೊಡುತ್ತಿದ್ದರು. ಅದು ಕೋಲಿಯಸ್ ಆರೊಮ್ಯಾಟಿಕಸ್, ನಮ್ಮ ಹಿತ್ತಿಲ ದೊಡ್ಡಪತ್ರೆ. ಹೋಲಿಕೆಗೆ ಇನ್ನೊಂದು ಗುಂಪು ಇಟ್ಟಿರಲಿಲ್ಲ, ಒಳಹೋದ ಹೊರಬಂದ ನೀರಿನ ಲೆಕ್ಕ ಇಟ್ಟಿರಲಿಲ್ಲ ಎಂದು ವಿಜ್ಞಾನಲೋಕ ಅವರನ್ನು ಬದಿಗಿರಿಸಿತು. ಎಲೆಯ ರಸವೂ ಆ ಅಸಡ್ಡೆಗೆ ಕೊಂಚ ಕಾರಣವಾಗಿದ್ದೀತು.

ಅವರು ಬಿಟ್ಟ ಲೆಕ್ಕವನ್ನು ಪೂರ್ತಿ ಇಟ್ಟವರು ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಅಮೆರಿಕದ ಯುವ ವೈದ್ಯರಾದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್. ಹೋದಷ್ಟನ್ನೇ ಅಳೆದು ಬಾಯಿಯಿಂದ ಕೊಟ್ಟರೆ ಡ್ರಿಪ್ಪಿನ ಅಗತ್ಯ ಶೇ. 80ರಷ್ಟು ಇಳಿಯುತ್ತದೆಂದು 1968ರಲ್ಲಿ ತೋರಿಸಿದರು. ಆದರೂ ಇದು ನುರಿತ ದಾದಿಯರಿರುವ ಆಸ್ಪತ್ರೆಯ ಮಾತು, ಊರಿನಲ್ಲಿ ನಡೆಯುವುದಲ್ಲ ಎಂದೇ ತಜ್ಞರ ಅಭಿಪ್ರಾಯವಾಗಿತ್ತು.

1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದಿಂದ ಓಡಿಬಂದ ಸುಮಾರು ಒಂದು ಕೋಟಿ ಜನ ಭಾರತದ ಗಡಿಯೊಳಗೆ ಸೇರಿದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಗಡಿಪಟ್ಟಣ ಬನಗಾಂವಿನ ಆಸ್ಪತ್ರೆಯಲ್ಲಿ ಕಾಲರಾಕ್ಕೆಂದು ಇದ್ದದ್ದು ಎರಡು ಕೋಣೆ, 16 ಹಾಸಿಗೆ. ನೆಲದ ಮೇಲೆಲ್ಲ ರೋಗಿಗಳು; ವಾಂತಿ, ಭೇದಿಯ ನಡುವೆ ಮೊಣಕಾಲೂರಿ ಡ್ರಿಪ್ ಹಾಕಬೇಕಾದ ಸ್ಥಿತಿ. ಅಲ್ಲಿಗೆ ಬಂದವರು ಕಲ್ಕತ್ತೆಯ ಜಾನ್ಸ್ ಹಾಪ್ಕಿನ್ಸ್ ಕೇಂದ್ರದ ಮಕ್ಕಳ ವೈದ್ಯ ದಿಲೀಪ್ ಮಹಲನಬೀಸ್. ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಾಗ ಅವರು ಇದ್ದ ಒಂದೇ ದಾರಿ ಹಿಡಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಪುಡಿಯನ್ನು ಕಲ್ಕತ್ತೆಯಲ್ಲಿ ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ತರುತ್ತಿದ್ದರು. ಬನಗಾಂವಿನಲ್ಲಿ ನಲ್ಲಿಯಿರುವ ಡ್ರಮ್ಮುಗಳಲ್ಲಿ ಕದಡಿಟ್ಟು, ರೋಗಿಯ ಮನೆಯವರ ಕೈಗೇ ಲೋಟ ಕೊಟ್ಟರು. ಅಕ್ಕ, ತಾಯಿ, ಗಂಡ ಯಾರಿದ್ದರೆ ಅವರೇ ದಾದಿಯರು. ಲೀಟರಿಗೆ ತಗುಲಿದ ಖರ್ಚು 11 ಪೈಸೆ. ಜನ ಸಲೈನ್ ಎಂದರೆ ಬಾಟಲಿಯದನ್ನೇ ಬಲ್ಲವರು. ಇದೂ ಸಲೈನೇ, ಕುಡಿಯುವಂಥದ್ದು ಎಂದು ಅವರನ್ನು ಒಪ್ಪಿಸಬೇಕಾಯಿತು. ಬಾಂಗ್ಲಾದೇಶದಲ್ಲಿ ಇವತ್ತಿಗೂ ಅದರ ಹೆಸರು ‘ಖಾಬಾರ್ ಸ್ಯಾಲೈನ್’. ಎರಡು ತಿಂಗಳಲ್ಲಿ ಚಿಕಿತ್ಸೆ ಪಡೆದ ಸುಮಾರು 3,700 ಮಂದಿಯಲ್ಲಿ ಸತ್ತವರು ಶೇ. 3.6. ಬಾಯಿ ಚಿಕಿತ್ಸೆಗೆ ಮುಂಚೆ ಅಲ್ಲಿ ಶೇ. 30ರಷ್ಟು ಜನ ಸಾಯುತ್ತಿದ್ದರು.

ವಿಶ್ವ ಆರೋಗ್ಯ ಸಂಸ್ಥೆಯ ಧೀಮನ್ ಬರುವಾ ಬನಗಾಂವಿಗೆ ಬಂದು ಕಣ್ಣಾರೆ ಕಂಡು ಹೋದರು, ಅದರ ಪರವಾಗಿ ವಾದಿಸಿದರು. 1978ರಲ್ಲಿ ಸಂಸ್ಥೆಯ ಜಾಗತಿಕ ಭೇದಿ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮಹಲನಬೀಸ್ 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ, ಮರಣೋತ್ತರವಾಗಿ. ಜಗತ್ತಿನ ವೈದ್ಯವಿದ್ಯಾರ್ಥಿಗಳೆಲ್ಲ ಓದುವ ಹೆಸರನ್ನು ದೇಶ ಗುರುತಿಸಲು ಅರ್ಧ ಶತಮಾನ ಹಿಡಿಯಿತು.

ಈ ಚಿಕಿತ್ಸೆಯನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಗೆ ಸಲ್ಲಬೇಕು. 1980ರಿಂದ 1990ರವರೆಗೆ ಅದರ ಮಹಿಳಾ ಕಾರ್ಯಕರ್ತೆಯರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರ ಕೈಯಲ್ಲೇ ಕಲಸಿಸಿದರು. ಆಮೇಲೆ ಬೇರೊಬ್ಬರು ಹೋಗಿ ತಾಯಂದಿರಿಗೆ ಎಷ್ಟು ನೆನಪಿದೆ ಎಂದು ಪರೀಕ್ಷಿಸುತ್ತಿದ್ದರು. ಕಾರ್ಯಕರ್ತೆಯ ಸಂಬಳ ಆ ನೆನಪಿನ ಮೇಲೆ ನಿಂತಿತ್ತು.

ಬಳಕೆ ಮತ್ತು ಹಿಂಜರಿಕೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ. 61ರಷ್ಟು ಮಕ್ಕಳಿಗೆ, ಜಿಂಕ್ ಶೇ. 31ರಷ್ಟಕ್ಕೆ. ಅಂಗನವಾಡಿಯಲ್ಲಿ ಬಿಟ್ಟಿ ಸಿಗುವ, ಅಂಗಡಿಯಲ್ಲೂ ಅಗ್ಗವಾದ ವಸ್ತು ಹತ್ತರಲ್ಲಿ ನಾಲ್ಕು ಮಕ್ಕಳಿಗೆ ಏಕೆ ಸಿಗಲಿಲ್ಲ?

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿದ್ದು ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ನಡೆದ ಅಧ್ಯಯನದಿಂದ. ಬೆಂಗಳೂರಿನ ಐಐಎಂ ಪ್ರಾಧ್ಯಾಪಕ ಅರ್ಣಬ್ ಮುಖರ್ಜಿ ಸೇರಿದಂತೆ ಐವರ ತಂಡ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿತು. ತರಬೇತಿ ಪಡೆದ ನಟರು ‘ಮನೆಯಲ್ಲಿ ಮಗುವಿಗೆ ಭೇದಿ’ ಎಂದು ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ವೈದ್ಯರ, ಔಷಧ ಕೊಡುವವರ ಬಳಿ ಹೋದರು. ದಾಸ್ತಾನು ಇಲ್ಲದ್ದು, ಬೇರೆ ಔಷಧಿಯಲ್ಲಿ ಹೆಚ್ಚು ಲಾಭ ಇರುವುದು ಇವೆರಡೂ ಸಣ್ಣ ಕಾರಣಗಳಾಗಿ ಕಂಡವು. ಓಆರ್‌ಎಸ್ ಬರೆಯದಿರುವುದರಲ್ಲಿ ಶೇ. 42ರಷ್ಟು ಪಾಲು ಒಂದೇ ಊಹೆಯದು: ರೋಗಿಯ ಕಡೆಯವರಿಗೆ ಇದು ಬೇಡ, ಇದನ್ನು ಕೊಟ್ಟರೆ ಇಷ್ಟಕ್ಕೇ ಬಂದೆವೇ ಎಂದುಕೊಳ್ಳುತ್ತಾರೆ ಎಂಬ ವೈದ್ಯರ ಎಣಿಕೆ. ಬಂದವರು ತಾವಾಗಿ ಓಆರ್‌ಎಸ್ ಬಗ್ಗೆ ಒಲವು ತೋರಿದಾಗ ಅದನ್ನು ಬರೆದುಕೊಡುವುದು 27 ಶೇಕಡಾ ಅಂಶದಷ್ಟು ಏರಿತು. ರೋಗಿ ಡಾಕ್ಟರರ ಬಾಯಿ ನೋಡುತ್ತಾನೆ, ಡಾಕ್ಟರು ರೋಗಿಯ ಮುಖ ನೋಡುತ್ತಾರೆ; ಪೊಟ್ಟಣ ಡ್ರಾಯರಿನಲ್ಲೇ ಉಳಿಯುತ್ತದೆ. ಇದಕ್ಕೆ ಮದ್ದು ಮಗುವನ್ನು ಕರೆದೊಯ್ದವರ ಕೈಯಲ್ಲೇ ಇದೆ: ಓಆರ್‌ಎಸ್ ಕೊಡಿ ಎಂದು ಬಾಯಿಬಿಟ್ಟು ಕೇಳುವುದು.

ಭೇದಿಯನ್ನೇ ತಡೆಯುವ ಕೆಲಸದಲ್ಲಿ ಓಆರ್‌ಎಸ್‌ಗೆ ಪಾತ್ರವಿಲ್ಲ. ಅದು ಸೋಪಿನಲ್ಲಿ ಕೈ ತೊಳೆಯುವುದರ, ಚರಂಡಿಯ ನೀರು ನಲ್ಲಿಗೆ ಸೇರದಂತೆ ಪೈಪು ನೋಡಿಕೊಳ್ಳುವುದರ, ಲಸಿಕೆಯ ಕೆಲಸ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದು ಈ ಕೆಲಸ ಎಲ್ಲಿ ಬಾಕಿಯಿದೆ ಎಂಬುದನ್ನು ತೋರಿಸಿತು. ರೋಟಾವೈರಸ್ ಲಸಿಕೆ 2016ರಿಂದ ಹಂತಹಂತವಾಗಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿದೆ; ಮಗುವಿಗೆ 6, 10, 14ನೆಯ ವಾರದಲ್ಲಿ ಬಾಯಿಯ ಮೂಲಕ ಕೊಡುತ್ತಾರೆ. ಭಾರತದ ಲಸಿಕೆಗಾಗಿ ಪರಿಶೀಲನೆಗೆ ಬಂದ ಎರಡು ವೈರಸ್ ತಳಿಗಳಲ್ಲಿ ಐ321 ಎಂಬುದು ಬೆಂಗಳೂರಿನ ನವಜಾತ ಶಿಶುಗಳಲ್ಲಿ ಸಿಕ್ಕಿದ್ದು, ಭಾರತೀಯ ವಿಜ್ಞಾನ ಸಂಸ್ಥೆಯವರು ಗುರುತಿಸಿದ್ದು. ಕೊನೆಗೆ ಲಸಿಕೆಯಾದದ್ದು ದೆಹಲಿಯ 116ಇ ತಳಿ.

ಹೆಸರಿನ ಗೊಂದಲ

ಅಂಗಡಿಯ ಫ್ರಿಜ್ಜಿನಲ್ಲಿ ಬಣ್ಣದ ಡಬ್ಬಿಯಲ್ಲಿ ಸಿಗುವ, ಹೆಸರಿನಲ್ಲಿ ಓಆರ್‌ಎಸ್ ಅಂಟಿಸಿಕೊಂಡ ಸಿಹಿ ಪಾನೀಯಗಳು ಬಹುಕಾಲ ಜನರನ್ನು ದಾರಿತಪ್ಪಿಸಿದವು. ನಿಜವಾದ ಓಆರ್‌ಎಸ್‌ಗಿಂತ ಅವುಗಳಲ್ಲಿ ಸಕ್ಕರೆ ಹಲವು ಪಟ್ಟು ಹೆಚ್ಚು, ಲವಣ ಕಡಿಮೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ತಾನು ಹಿಂದೆ ಕೊಟ್ಟಿದ್ದ ವಿನಾಯಿತಿಗಳನ್ನು ಹಿಂತೆಗೆದುಕೊಂಡು, ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದೆಂದು ಆದೇಶಿಸಿತು. ಕೊಳ್ಳುವವರು ಪೊಟ್ಟಣವನ್ನು ತಿರುಗಿಸಿ ನೋಡಬೇಕಾದದ್ದು ಎರಡೇ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಿಸಿದ್ದು ಎಂಬ ಬರಹ ಮತ್ತು ಔಷಧ ತಯಾರಿಕೆಯ ಲೈಸೆನ್ಸ್ ಸಂಖ್ಯೆ ಅದರ ಮೇಲಿರಬೇಕು. ಆಹಾರ ಪ್ರಾಧಿಕಾರದ ಮುದ್ರೆ ಮಾತ್ರ ಇದ್ದರೆ ಅದು ಪಾನೀಯ, ಭೇದಿಯ ಮಗುವಿಗೆ ಕೊಡುವಂಥದ್ದಲ್ಲ.